ಫಿಲಿಪ್ ಶೋವಾಲ್ಟರ್ ಹೆಂಚ್

ಫಿಲಿಪ್ ಶೋವಾಲ್ಟರ್ ಹೆಂಚ್ (ಫೆಬ್ರುವರಿ 28, 1896 – ಮಾರ್ಚ್ 30, 1965) ಅಮೆರಿಕದ ಪ್ರಸಿದ್ಧ ವೈದ್ಯರು ಮತ್ತು ಸಂಧಿವಾತ ರೋಗಗಳ ತಜ್ಞರು. ಅಡ್ರಿನಲ್ ಗ್ರಂಥಿಯ ಹೊರಪದರದಿಂದ ದೊರೆಯುವ ಕಾರ್ಟಿಸೋನ್ ಎಂಬ ಹಾರ್ಮೋನನ್ನು ಸಂಧಿವಾತದ ಚಿಕಿತ್ಸೆಗೆ ಮೊದಲ ಬಾರಿಗೆ ಬಳಸಿದವರು ಇವರು ಮತ್ತು ಇವರ ಸಹೋದ್ಯೋಗಿಗಳು. ಈ ಸಾಧನೆಗಾಗಿ 1950ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಕ್‌ಸ್ಟೈನ್ ಅವರೊಂದಿಗೆ ಹಂಚಿಕೊಂಡರು. ಇಂದು ಸ್ಟೀರಾಯ್ಡ್ ಎಂದು ಜನಸಾಮಾನ್ಯರಿಗೂ ಪರಿಚಿತವಾಗಿರುವ ಉರಿಯೂತ ನಿವಾರಕ ಔಷಧಗಳ ವ್ಯಾಪಕ ಬಳಕೆಗೆ ಇವರ ಪ್ರಯೋಗವೇ ನಾಂದಿಯಾಯಿತು. ಸೋಂಕಿನ ಬೆನ್ನಲ್ಲೇ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕೆಲವು ನರ-ಮಾನಸಿಕ ಕಾಯಿಲೆಗಳಿಗೂ ಈ ಔಷಧಗಳು ಈಗ ಬಳಕೆಯಲ್ಲಿವೆ. ಔಷಧ ನೀಡಿದಾಗ ದೊರೆಯುವ ಉಪಶಮನವು ಎಷ್ಟು ಕಾಲ ಉಳಿಯುತ್ತದೆ ಎಂಬುದು ಹೆಂಚ್ ಅವರು ಎದುರಿಸಿದ ಮುಖ್ಯ ಪ್ರಶ್ನೆ. ಆ ಮಕ್ಕಳ ವಿಷಯದಲ್ಲಿ ಅದಕ್ಕೆ ಇಂದಿಗೂ ಪೂರ್ಣ ಉತ್ತರ ದೊರೆತಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಹೆಂಚ್ ಅವರು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ಜೇಕಬ್ ಬಿಕ್ಸ್ಲರ್ ಹೆಂಚ್, ತಾಯಿ ಕ್ಲಾರಾ ಶೋವಾಲ್ಟರ್. ಈಸ್ಟನ್ ಪಟ್ಟಣದ ಲಫಾಯೆಟ್ ಕಾಲೇಜಿನಿಂದ 1916ರಲ್ಲಿ ಕಲಾ ಪದವಿ ಪಡೆದರು. ಮರುವರ್ಷ ಸೇನೆಯ ವೈದ್ಯಕೀಯ ದಳವನ್ನು ಸೇರಿದರಾದರೂ ವೈದ್ಯ ಶಿಕ್ಷಣವನ್ನು ಪೂರ್ಣಗೊಳಿಸಲು ಮೀಸಲು ಪಡೆಗೆ ವರ್ಗಾವಣೆ ಹೊಂದಿದರು. 1920ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಗಳಿಸಿದರು.

ವೃತ್ತಿಜೀವನ

ಮಿನ್ನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನಲ್ಲಿ 1923ರಿಂದ ಸೇವೆ ಆರಂಭಿಸಿದ ಹೆಂಚ್, 1926ರಲ್ಲಿ ಅಲ್ಲಿನ ಸಂಧಿವಾತ ವಿಭಾಗದ ಮುಖ್ಯಸ್ಥರಾದರು. 1927ರಲ್ಲಿ ಮೇರಿ ಕಾಹ್ಲರ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಪುತ್ರರು, ಇಬ್ಬರು ಪುತ್ರಿಯರು. 1928–29ರಲ್ಲಿ ಜರ್ಮನಿಯ ಫ್ರೈಬರ್ಗ್ ಮತ್ತು ಮ್ಯೂನಿಕ್ ನಗರಗಳಲ್ಲಿ ಉನ್ನತ ಅಧ್ಯಯನ ನಡೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರ್ಕಾನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ನಲ್ಲಿದ್ದ ಸೇನೆಯ ಸಂಧಿವಾತ ಕೇಂದ್ರದ ಹೊಣೆ ಹೊತ್ತರು. 1947ರಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, 1957ರಲ್ಲಿ ನಿವೃತ್ತರಾದರು.

ಕಾಮಾಲೆಯ ಅವಲೋಕನ

ಕೀಲುಗಳನ್ನು ಊದಿಸಿ, ಕ್ರಮೇಣ ಡೊಂಕಾಗಿಸುವ ರುಮಟಾಯ್ಡ್ ಸಂಧಿವಾತವು ಒಮ್ಮೆ ಬಂದರೆ ಹಿಂದಿರುಗದ ರೋಗವೆಂದೇ ಆ ಕಾಲದ ವೈದ್ಯರು ಭಾವಿಸಿದ್ದರು. 1929ರಲ್ಲಿ ರೋಗಿಯೊಬ್ಬರು ತಮಗೆ ಕಾಮಾಲೆ ತಗುಲಿದ ಬಳಿಕ ಕೀಲುನೋವು ಮಾಯವಾಯಿತೆಂದು ಹೆಂಚ್ ಅವರಿಗೆ ತಿಳಿಸಿದರು. ಕಾಮಾಲೆ ಗುಣವಾದ ಮೇಲೂ ಆ ಉಪಶಮನ ಕೆಲವು ಕಾಲ ಉಳಿದಿತ್ತು. ಹೆಂಚ್ ಇದನ್ನು ಆಕಸ್ಮಿಕವೆಂದು ತಳ್ಳಿಹಾಕದೆ, ಅಂತಹ ಇತರ ರೋಗಿಗಳ ವಿವರಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಗರ್ಭಿಣಿಯರಲ್ಲಿಯೂ ಸಂಧಿವಾತವು ತಾತ್ಕಾಲಿಕವಾಗಿ ತಗ್ಗುವುದನ್ನು ಗುರುತಿಸಿದರು. ಗರ್ಭಾವಸ್ಥೆಯಲ್ಲೂ ಕಾಮಾಲೆಯಲ್ಲೂ ಶರೀರವೇ ಯಾವುದೋ ವಸ್ತುವನ್ನು ಹೆಚ್ಚಾಗಿ ಒದಗಿಸುತ್ತಿರಬೇಕೆಂದು ತರ್ಕಿಸಿ, ಆ ಅಜ್ಞಾತ ವಸ್ತುವನ್ನು ಎಕ್ಸ್ ಎಂದು ಕರೆದರು. ರೋಗವು ಹಿಂದಿರುಗಬಲ್ಲದು ಎಂಬ ಅರಿವೇ ಅವರ ಮುಂದಿನ ಕಾರ್ಯಕ್ಕೆ ಬುನಾದಿಯಾಯಿತು.

ಕಾರ್ಟಿಸೋನ್ ಪ್ರಯೋಗ

ಅದೇ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಅವರು ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಹಲವು ಸಂಯುಕ್ತಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ ಸಂಯುಕ್ತ ‘ಇ’ ಎಂಬುದನ್ನು ಸಂಧಿವಾತದ ಮೇಲೆ ಪ್ರಯೋಗಿಸಬೇಕೆಂದು ಹೆಂಚ್ ಮತ್ತು ಕೆಂಡಾಲ್ 1941ರಲ್ಲಿ ನಿಶ್ಚಯಿಸಿದರು. ಆದರೆ ಪ್ರಾಣಿಗಳ ಗ್ರಂಥಿಗಳಿಂದ ದೊರೆಯುತ್ತಿದ್ದ ಪ್ರಮಾಣ ಅತ್ಯಲ್ಪವಾಗಿದ್ದುದರಿಂದ ಕಾಯುವುದು ಅನಿವಾರ್ಯವಾಯಿತು. ಮರ್ಕ್ ಕಂಪನಿಯ ಲೂಯಿಸ್ ಸಾರೆಟ್ ಅವರು ಪಿತ್ತರಸದ ಆಮ್ಲದಿಂದ ಇದನ್ನು ಕೃತಕವಾಗಿ ತಯಾರಿಸುವ ವಿಧಾನವನ್ನು ಕಂಡುಹಿಡಿದ ನಂತರವೇ ಪ್ರಯೋಗ ಸಾಧ್ಯವಾಯಿತು.

1948ರ ಸೆಪ್ಟೆಂಬರ್ 21ರಂದು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ದಿನಕ್ಕೆ 100 ಮಿಲಿಗ್ರಾಂ ಪ್ರಮಾಣದಲ್ಲಿ ಚಿಕಿತ್ಸೆ ಮುಂದುವರಿಯಿತು. ಕೆಲವೇ ದಿನಗಳಲ್ಲಿ ಅವರು ಎದ್ದು ನಡೆದರು. ಒಂದು ವಾರದಲ್ಲಿ ಪೇಟೆಗೆ ಹೋಗಿ ಬರುವಷ್ಟು ಚೇತರಿಸಿಕೊಂಡರು. ಹೆಂಚ್, ಕೆಂಡಾಲ್, ಚಾರ್ಲ್ಸ್ ಸ್ಲೋಕಂಬ್ ಹಾಗೂ ಹೋವರ್ಡ್ ಪಾಲಿ ಅವರು 14 ರೋಗಿಗಳ ಅನುಭವವನ್ನು 1949ರ ಏಪ್ರಿಲ್‌ನಲ್ಲಿ ಪ್ರಕಟಪಡಿಸಿದರು. ಸಂಯುಕ್ತ ‘ಇ’ಗೆ ಕಾರ್ಟಿಸೋನ್ ಎಂಬ ಹೆಸರು ಬಂದಿತು.

ಔಷಧದ ಮಿತಿ

ಪತ್ರಿಕೆಗಳು ಕಾರ್ಟಿಸೋನನ್ನು ಪವಾಡವೆಂದು ಕೊಂಡಾಡುತ್ತಿದ್ದಾಗ ಹೆಂಚ್ ಅವರು ಎಚ್ಚರಿಕೆಯ ಮಾತನ್ನೇ ಆಡಿದರು. ಚುಚ್ಚುಮದ್ದು ನಿಲ್ಲಿಸಿದ ಕೂಡಲೇ ಬಹುತೇಕ ರೋಗಿಗಳಲ್ಲಿ ನೋವು, ಊತ ಮರುಕಳಿಸಿದವು. ಔಷಧವು ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ರೋಗದ ಮೂಲವನ್ನು ನಿವಾರಿಸುವುದಿಲ್ಲ ಎಂಬುದು ಸ್ಪಷ್ಟವಾಯಿತು. ದೀರ್ಘಕಾಲ ನೀಡಿದಾಗ ಮುಖ ಊದಿಕೊಳ್ಳುವುದು, ತೂಕ ಹೆಚ್ಚುವುದು, ಮೂಳೆ ಸವೆಯುವುದು, ಮನಸ್ಸಿನ ಸ್ಥಿತಿ ಏರುಪೇರಾಗುವುದು ಮುಂತಾದ ದುಷ್ಪರಿಣಾಮಗಳು ಕಂಡುಬಂದವು. ಕಾರ್ಟಿಸೋನ್ ರೋಗವನ್ನು ಗುಣಪಡಿಸುವ ಮದ್ದಲ್ಲ ಎಂಬ ನಿಲುವನ್ನು ಹೆಂಚ್ ತಳೆದರು.

ಮಕ್ಕಳ ಕಾಯಿಲೆಗಳಲ್ಲಿ ಬಳಕೆ

ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಹೋದ ಮೇಲೆ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ತಲೆದೋರುತ್ತದೆ. ಸೋಂಕಿನ ವಿರುದ್ಧ ಶರೀರ ಉತ್ಪಾದಿಸಿದ ಪ್ರತಿಕಾಯಗಳು ತನ್ನದೇ ಅಂಗಾಂಶಗಳ ಮೇಲೆ ಎರಗುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಹೆಂಚ್ ಮತ್ತು ಸಂಗಡಿಗರು 1949ರಲ್ಲಿಯೇ ಈ ಜ್ವರಕ್ಕೂ ಕಾರ್ಟಿಸೋನ್ ಪ್ರಯೋಗಿಸಿ ತಕ್ಷಣದ ಉಪಶಮನವನ್ನು ವರದಿ ಮಾಡಿದರು. ಬಳಿಕ ಬ್ರಿಟನ್ ಮತ್ತು ಅಮೆರಿಕದ ವೈದ್ಯರು ಜೊತೆಯಾಗಿ 497 ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. ಕೆಲವರಿಗೆ ಹಾರ್ಮೋನ್, ಕೆಲವರಿಗೆ ಆಸ್ಪಿರಿನ್ ಆರು ವಾರಗಳ ಕಾಲ ನೀಡಲಾಯಿತು. 1955ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಯಲ್ಲಿ ಹೃದಯಕ್ಕೆ ಉಳಿದ ಹಾನಿಯಲ್ಲಿ ಈ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ.

ಇದೇ ಜ್ವರವು ಮೆದುಳನ್ನು ಬಾಧಿಸಿದಾಗ ಸಿಡೆನ್‌ಹ್ಯಾಮ್ ಕೊರಿಯಾ ಉಂಟಾಗುತ್ತದೆ. ಕೈಕಾಲುಗಳು ತಾವಾಗಿಯೇ ಅಲುಗುತ್ತವೆ, ಅಕ್ಷರ ಕೆಡುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಮಗು ಕಾರಣವಿಲ್ಲದೆ ಅಳುತ್ತದೆ. ಶಾಲೆಯಲ್ಲಿ ಇದನ್ನು ತುಂಟತನವೆಂದೋ ಅಜಾಗರೂಕತೆಯೆಂದೋ ತಪ್ಪಾಗಿ ತಿಳಿದು ಶಿಕ್ಷಿಸುವ ಸಂಭವವುಂಟು. 1998ರಲ್ಲಿ ಅಮೆರಿಕದ ವೈದ್ಯೆ ಸೂಸನ್ ಸ್ವೀಡೊ ಮತ್ತು ಸಂಗಡಿಗರು, ಇದೇ ಬ್ಯಾಕ್ಟೀರಿಯಾದ ಸೋಂಕಿನ ನಂತರ ಹಠಾತ್ತನೆ ಗೀಳು ರೋಗ ಅಥವಾ ಟಿಕ್ ಎಂಬ ಅನೈಚ್ಛಿಕ ಚಲನೆಗಳಿಗೆ ತುತ್ತಾದ 50 ಮಕ್ಕಳನ್ನು ವಿವರಿಸಿದರು. ಈ ಸ್ಥಿತಿಗೆ ಪ್ಯಾಂಡಾಸ್ ಎಂದು ಹೆಸರಾಯಿತು. ಮುಂದೆ ಇತರ ಕಾರಣಗಳನ್ನೂ ಒಳಗೊಂಡ ಪ್ಯಾನ್ಸ್ ಎಂಬ ವಿಶಾಲ ವರ್ಗವನ್ನು ಗುರುತಿಸಲಾಯಿತು. ಇವುಗಳ ವ್ಯಾಪ್ತಿ ಮತ್ತು ಚಿಕಿತ್ಸೆಯ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ.

ಉಪಶಮನದ ಅವಧಿ

ಕಾರ್ಟಿಸೋನ್‌ನ ನಂತರ ಬಂದ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸಿಡೆನ್‌ಹ್ಯಾಮ್ ಕೊರಿಯಾಕ್ಕೆ ನೀಡಿ ನಡೆಸಿದ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. 37 ಮಕ್ಕಳಲ್ಲಿ ಕೆಲವರಿಗೆ ನಾಲ್ಕು ವಾರ ಪೂರ್ಣ ಪ್ರಮಾಣದ ಮಾತ್ರೆ ನೀಡಿ ಅನಂತರ ಕ್ರಮೇಣ ಇಳಿಸಲಾಯಿತು. ಉಳಿದವರಿಗೆ ಔಷಧರಹಿತ ತೋರಿಕೆಯ ಮಾತ್ರೆ ನೀಡಲಾಯಿತು. ಔಷಧ ಪಡೆದವರು ಸರಾಸರಿ 54 ದಿನಗಳಲ್ಲಿ, ಪಡೆಯದವರು ಸುಮಾರು 120 ದಿನಗಳಲ್ಲಿ ಗುಣಮುಖರಾದರು. ಆದರೆ ರೋಗ ಮರುಕಳಿಸುವ ಪ್ರಮಾಣ ಎರಡೂ ಗುಂಪುಗಳಲ್ಲಿ ಬಹುತೇಕ ಸಮಾನವಾಗಿತ್ತು.

ಪ್ಯಾನ್ಸ್ ಕುರಿತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 98 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಸ್ಟೀರಾಯ್ಡ್ ನೀಡದಿದ್ದಾಗ ರೋಗದ ಉಲ್ಬಣವು ಸರಾಸರಿ 11 ವಾರಗಳಷ್ಟು, ಅಲ್ಪಾವಧಿಗೆ ನೀಡಿದಾಗ ಸುಮಾರು 6 ವಾರಗಳಷ್ಟು ಇತ್ತು. ದೊರೆತ ಸುಧಾರಣೆ ಸರಾಸರಿ ಆರು ವಾರ ಉಳಿದು, ಬಳಿಕ ಲಕ್ಷಣಗಳು ಮತ್ತೆ ಏರತೊಡಗಿದವು. ಹೆಚ್ಚು ದಿನ ಔಷಧ ಪಡೆದವರಲ್ಲಿ ಸುಧಾರಣೆಯೂ ಹೆಚ್ಚು ಕಾಲ ಉಳಿಯಿತು. ಇದು ದಾಖಲೆಗಳನ್ನು ಆಧರಿಸಿದ ಅವಲೋಕನವೇ ಹೊರತು ಎರಡು ಗುಂಪುಗಳನ್ನು ಹೋಲಿಸಿ ನಡೆಸಿದ ನಿಯಂತ್ರಿತ ಪರೀಕ್ಷೆಯಲ್ಲ. ಆದ್ದರಿಂದ ಇದನ್ನು ಅಂತಿಮ ನಿರ್ಣಯವೆಂದು ಪರಿಗಣಿಸಲಾಗದು.

ಅವಧಿಯನ್ನು ಹಿಗ್ಗಿಸಿದಷ್ಟೂ ದುಷ್ಪರಿಣಾಮದ ಭಯ ಹೆಚ್ಚುತ್ತದೆ. ದೀರ್ಘಕಾಲದ ಬಳಕೆಯಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ನಿದ್ರೆ ಕೆಟ್ಟು, ಕೆಲವರಲ್ಲಿ ಚಡಪಡಿಕೆ ಹೆಚ್ಚಬಹುದು. ಹಲವು ವಾರ ಸೇವಿಸಿದ ಔಷಧವನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಏಕೆಂದರೆ ಅಷ್ಟರಲ್ಲಿ ಅಡ್ರಿನಲ್ ಗ್ರಂಥಿಯ ಸ್ವಂತ ಉತ್ಪಾದನೆ ಕುಗ್ಗಿರುತ್ತದೆ.

ಭಾರತದಲ್ಲಿ ರುಮ್ಯಾಟಿಕ್ ಜ್ವರವು ಇಂದಿಗೂ ಮಕ್ಕಳ ಹೃದ್ರೋಗಕ್ಕೆ ಕಾರಣವಾಗುತ್ತಿದೆ. ಸಿಡೆನ್‌ಹ್ಯಾಮ್ ಕೊರಿಯಾ ಬಂದ ಮಕ್ಕಳಿಗೆ ಅಲುಗಾಟ ನಿಂತ ಮೇಲೂ 3–4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ಮುಂದುವರಿಸಬೇಕಾಗುತ್ತದೆ. ಸ್ಟೀರಾಯ್ಡ್ ಲಕ್ಷಣಗಳನ್ನು ತಗ್ಗಿಸುತ್ತದೆ. ಹೊಸ ಸೋಂಕನ್ನು ತಡೆದು ಹೃದಯವನ್ನು ಕಾಪಾಡುವುದು ಪೆನಿಸಿಲಿನ್.

ಇತರ ಆಸಕ್ತಿಗಳು

ಹೆಂಚ್ ಅವರಿಗೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಪಾರ ಆಸಕ್ತಿಯಿತ್ತು. ಕ್ಯೂಬಾದಲ್ಲಿ ವಾಲ್ಟರ್ ರೀಡ್ ಅವರು ನಡೆಸಿದ ಹಳದಿ ಜ್ವರದ ಪ್ರಯೋಗಗಳ ಕುರಿತು ಅವರು ಸಂಗ್ರಹಿಸಿದ ದಾಖಲೆಗಳು ಇಂದು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿವೆ. ಷರ್ಲಾಕ್ ಹೋಮ್ಸ್ ಕಥೆಗಳ ಅಭಿಮಾನಿಯಾಗಿದ್ದ ಅವರ ಪುಸ್ತಕ ಸಂಗ್ರಹವು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದೆ.

ನಿಧನ

1965ರ ಮಾರ್ಚ್ 30ರಂದು ಜಮೈಕಾದ ಓಚೊ ರಿಯೋಸ್‌ನಲ್ಲಿ ವಿಹಾರಕ್ಕೆ ತೆರಳಿದ್ದಾಗ ಹೆಂಚ್ ಅವರು ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 69 ವರ್ಷ ವಯಸ್ಸಾಗಿತ್ತು.