ಪ್ರವಾಹಕ್ಕೆ ಅಳತೆಯಿಟ್ಟವರು: ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಊರೊಂದರ ಮೋರಿ ಎಷ್ಟು ಅಗಲವಿರಬೇಕು, ಸೇತುವೆ ನೀರಿನಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಇಂದು ಹೂಳಿದ ಕೊಳವೆ ಇನ್ನೆಷ್ಟು ವರ್ಷಗಳ ಜನರ ಬಾಯಾರಿಕೆಯನ್ನು ತಣಿಸಬೇಕು ಎಂಬ ಪ್ರಶ್ನೆಗಳು ಸಾಹಿತ್ಯಾಸಕ್ತರ ಗಮನವನ್ನು ಸಾಮಾನ್ಯವಾಗಿ ಸೆಳೆಯುವುದಿಲ್ಲ. ಅವು ಕಛೇರಿಯ ಕಡತಗಳಲ್ಲಿ ಹುಟ್ಟಿ ಅಲ್ಲಿಯೇ ಮಲಗುವಂಥವು. ಆದರೆ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಕುಂದಾಪುರದಲ್ಲಿ, ಸೀತಾ ಸ್ವರ್ಣಾ ನದಿಗಳ ನಡುವಣ ಬ್ರಹ್ಮಾವರದಲ್ಲಿ, ಘಟ್ಟವೂ ಸಮುದ್ರವೂ ಇಕ್ಕೆಲದಿಂದ ಒತ್ತಿಕೊಂಡು ಬಂದಿರುವ ಬೈಂದೂರಿನಲ್ಲಿ ಬಾಳುವವರಿಗೆ ಅವುಗಳ ಗುರುತ್ವವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಮೋರಿಯ ಅಳತೆ ತಪ್ಪಿದರೆ ಗದ್ದೆ ಮುಳುಗುತ್ತದೆ, ಮನೆಯಂಗಳ ಹೊಳೆಯಾಗುತ್ತದೆ.

ಲೋಕೋಪಯೋಗಿ ಕಾಮಗಾರಿಯ ಮಾನದಂಡವೆಂದರೆ, ನಾವು ಎಷ್ಟು ದೊಡ್ಡ ಮಳೆಗೆ ಉತ್ತರ ಕೊಡಲು ಸಿದ್ಧರಿದ್ದೇವೆ ಎಂಬುದರ ಲಿಖಿತ ವಚನ. ಹಳೆಯ ವಚನ ಹೊಸ ಕಾಲಕ್ಕೆ ಸಾಲದೆ ಬಂದಾಗ ಅದನ್ನು ತಿದ್ದಿ ಬರೆಯುವ ಕೆಲಸದಲ್ಲಿ ಆಯುಷ್ಯವನ್ನೇ ಸವೆಸಿದ ಕನ್ನಡ ನಾಡಿನ ಮಹನೀಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡರು. ಬಡತನದಲ್ಲಿ, ಮನೆಪಾಠ ಹೇಳಿಕೊಡುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ ತರುಣ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಆಸರೆಯಿಂದ ಪುಣೆಗೆ ಹೋಗಿ 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ಹೊರಬಂದ. ಮರುವರ್ಷವೇ ಮುಂಬಯಿ ಪ್ರಾಂತದ ಮರಾಮತ್ತು ಇಲಾಖೆಯಲ್ಲಿ ಉದ್ಯೋಗ ದೊರೆಯಿತು.

ಮೊದಲ ಪಾಠವನ್ನು ಕಲಿಸಿದ್ದು ಮಳೆಯೇ. ಧುಳೆಯ ಸಮೀಪದ ಹಳ್ಳಿಯೊಂದರಲ್ಲಿ ಹೊಳೆಯ ತಳದಲ್ಲಿ ಕೊಳವೆ ಹಾಯಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಮಳೆಗಾಲದ ಮರಳು ಕೆಲಸವನ್ನು ಮತ್ತೆ ಮತ್ತೆ ಮುಚ್ಚುತ್ತಿದ್ದುದರಿಂದ, ಮುಂದಕ್ಕೆ ಹಾಕುವುದು ಲೇಸೆಂದು ಮೇಲಧಿಕಾರಿಗೆ ಬರೆದರು. ಆ ಸಲಹೆ ಅಲ್ಲಿ ರುಚಿಸಲಿಲ್ಲ. ತರುಣ ಅಧಿಕಾರಿಯ ವಿಧೇಯತೆಯ ಮೇಲೆಯೇ ಸಂಶಯದ ನೆರಳು ಬಿತ್ತು. ವಿಶ್ವೇಶ್ವರಯ್ಯನವರು ವಾದಿಸುತ್ತ ಕೂರಲಿಲ್ಲ; ಮಳೆಯ ನಡುವೆಯೇ ನಿಂತು ಕೆಲಸ ಮುಗಿಸಿದರು. ಹೊಳೆಯೊಡನೆ ವ್ಯವಹರಿಸುವವನು ಅದರ ಪ್ರಸನ್ನ ಮುಖವನ್ನಲ್ಲ, ಕೋಪದ ಮುಖವನ್ನು ಮೊದಲು ತಿಳಿದಿರಬೇಕೆಂಬ ಎಚ್ಚರ ಅವರ ಮುಂದಿನ ಕೆಲಸಗಳಲ್ಲೆಲ್ಲ ಎದ್ದು ಕಾಣುತ್ತದೆ.

ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಹೊಣೆ ಬಂದಾಗ, ನೀರನ್ನು ಸೋಸುವ ದುಬಾರಿ ಸ್ಥಾವರಕ್ಕೆ ಅಲ್ಲಿಯ ಪುರಸಭೆಯಲ್ಲಿ ಹಣವಿರಲಿಲ್ಲ. ಅವರು ಸಿಂಧೂ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿ ಬಂದ ನೀರನ್ನು ಊರಿಗೆ ಹಾಯಿಸಿದರು. ಪುಣೆಯ ಬಳಿಯ ಖಡಕ್ವಾಸಲಾ ಜಲಾಶಯದಲ್ಲಿ, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದುಕೊಂಡು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಪ್ರವಾಹ ನಡುರಾತ್ರಿಯಲ್ಲಿ ಬಂದರೂ ಕಾವಲುಗಾರನ ನಿದ್ರೆಗೆ ಊರು ಬಲಿಯಾಗುವ ಭಯ ತಪ್ಪಿತು. 1906ರಲ್ಲಿ ಏಡನ್ನಿಗೆ ಹೋಗಿ ಆ ಒಣ ಬಂದರಿಗೆ ನೀರು ಮತ್ತು ಒಳಚರಂಡಿಯ ಯೋಜನೆಯನ್ನು ಸಿದ್ಧಪಡಿಸಿದರು. 1908ರ ಹೊತ್ತಿಗೆ, ಅತ್ಯುನ್ನತ ಹುದ್ದೆ ಭಾರತೀಯನಿಗೆ ದಕ್ಕದ ಆ ಇಲಾಖೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಿ ಪರದೇಶ ಪ್ರವಾಸಕ್ಕೆ ಹೊರಟರು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ನದಿಯ ಮೇಲ್ಭಾಗದ ಶಂಷಾಬಾದಿನಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ 12 ಅಂಗುಲಕ್ಕೂ ಮೀರಿ ಮಳೆ ಸುರಿದಿತ್ತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಸಾವಿರಾರು ಮನೆಗಳು ಕೊಚ್ಚಿಹೋದವು. ನಿಜಾಮ ಸರ್ಕಾರದ ಕರೆ ಯೂರೋಪಿನಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಮುಟ್ಟಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದರು.

ದೈವಕೋಪವೆಂದು ಹೇಳಿ ಪರಿಹಾರ ಹಂಚಿ ಮುಗಿಸಬಹುದಾಗಿದ್ದ ಆ ಪ್ರಸಂಗವನ್ನು ಅವರು ಲೆಕ್ಕಕ್ಕೆ ಇಳಿಸಿದರು. ಮಳೆಯ ಅಂಕಿಗಳನ್ನು ಕೂಡಿಸಿದರು. ನೆರೆ ಮುಟ್ಟಿದ ಮಟ್ಟದ ಗುರುತುಗಳನ್ನು ಆಧರಿಸಿ ನದಿಯಲ್ಲಿ ಹರಿದ ನೀರಿನ ಪ್ರಮಾಣವನ್ನು ಕಟ್ಟಿದರು. ಅದು ಸೆಕೆಂಡಿಗೆ ನಾಲ್ಕು ಲಕ್ಷ ಘನ ಅಡಿಯನ್ನೂ ಮೀರಿತ್ತು. ನಗರದ ಮೇಲ್ಗಡೆಯ ಜಲಾನಯನ ಪ್ರದೇಶದಲ್ಲಿ ಎಂಟುನೂರಕ್ಕೆ ಸಮೀಪವಾಗಿ ಕೆರೆಗಳಿದ್ದವು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಆ ಮಳೆಗೆ ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನದರ ಮೇಲೆ, ಅದು ಇನ್ನೂ ಕೆಳಗಿನದರ ಮೇಲೆ ಬಿದ್ದು, ಕೊನೆಗೆ ಎಲ್ಲವೂ ಸೇರಿ ನಗರದ ಮೇಲೆ ಎರಗಿತ್ತು. ಒಂದೊಂದು ಕೋಡಿಯೂ ವಾಡಿಕೆಯ ಮಳೆಯ ಅಳತೆಗೆ ಸರಿಯಾಗಿಯೇ ಇದ್ದಿರಬಹುದು. ಆದರೆ ವಾಡಿಕೆಯನ್ನೇ ಅಳತೆಯೆಂದು ನಂಬಿದ್ದರಲ್ಲಿ ವಿನಾಶದ ಬೀಜವಿತ್ತು.

ಅವರು ಕೊಟ್ಟ ಯೋಜನೆ ಈ ನಂಬಿಕೆಯನ್ನು ಬುಡಸಹಿತ ಬದಲಿಸಿತು. ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲ್ಗಡೆ ಎರಡು ಜಲಾಶಯಗಳು, ಅವುಗಳಲ್ಲಿ ಮಹಾ ಪ್ರವಾಹವನ್ನು ತಾತ್ಕಾಲಿಕವಾಗಿ ತಡೆದಿಟ್ಟು, ನಗರದೊಳಗಿನ ನದೀಪಾತ್ರ ತಾಳಬಲ್ಲಷ್ಟನ್ನು ಮಾತ್ರ ಹೊರಬಿಡುವ ಏರ್ಪಾಡು, ದಡಗಳನ್ನು ಎತ್ತರಿಸಿ ಉದ್ಯಾನಗಳನ್ನು ಬೆಳೆಸುವುದು, ನಗರಕ್ಕೆಲ್ಲ ಒಳಚರಂಡಿ. ಕಂಡ ನೆರೆಗಷ್ಟೇ ಅಲ್ಲ, ಕಾಣಬಹುದಾದ ನೆರೆಗೂ ಸ್ಥಳ ಬಿಡಬೇಕೆಂಬುದು ಇದರ ಹಿಂದಿನ ತತ್ತ್ವ. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ನಗರ ಸುಧಾರಣೆಗೆಂದೇ 1912ರಲ್ಲಿ ಒಂದು ಮಂಡಲಿ ಏರ್ಪಟ್ಟಿತು. ಒಳಚರಂಡಿಯ ಕೆಲಸಕ್ಕೆ ಮಾರ್ಗದರ್ಶನ ಮಾಡಲು ವಿಶ್ವೇಶ್ವರಯ್ಯನವರು 1920ರ ದಶಕದಲ್ಲಿ ಮತ್ತೆ ಅಲ್ಲಿಗೆ ಹೋದರು.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ ಕಾರ್ಯಗಳು ಸರ್ವವಿದಿತ. ಪ್ರಕೃತ ವಿಷಯಕ್ಕೆ ಸೇರಿದ ಒಂದೆರಡನ್ನು ಹೇಳಿದರೆ ಸಾಕು. ಕನ್ನಂಬಾಡಿ ಕಟ್ಟೆಗೆ ಆರಂಭದಲ್ಲಿ ಒಪ್ಪಿಗೆ ದೊರೆತದ್ದು 11 ಟಿ.ಎಂ.ಸಿ. ನೀರಿನ ಸಂಗ್ರಹಕ್ಕೆ. ಅಸ್ತಿಭಾರವನ್ನು ಮಾತ್ರ ಮೈಸೂರು ತಾನು ಬಯಸಿದ 41.5 ಟಿ.ಎಂ.ಸಿ. ಸಂಗ್ರಹಕ್ಕೆ ತಕ್ಕಂತೆ ಹಾಕಿತು. ಮದರಾಸು ಸರ್ಕಾರ ಇದನ್ನು ಬಲವಾಗಿ ಆಕ್ಷೇಪಿಸಿತು; 1924ರ ಒಪ್ಪಂದದವರೆಗೆ ವಿವಾದ ನಡೆಯಿತು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅಳೆಯಬಲ್ಲ ಜನರಿಲ್ಲದೆ ಅಳತೆಗೋಲಿನಿಂದ ಪ್ರಯೋಜನವಿಲ್ಲವಷ್ಟೆ. ಸರ್ಕಾರಿ ಹುದ್ದೆಗಳ ಹಂಚಿಕೆಯ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ಅವರು ದಿವಾನಗಿರಿಯನ್ನು ಬಿಟ್ಟರು. ಆ ವಿಷಯದಲ್ಲಿ ಅವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ.

ನಮ್ಮ ಕರಾವಳಿಗೂ ಅವರ ದೃಷ್ಟಿ ಹರಿದಿತ್ತು. ಒಳನಾಡಿನ ಮೈಸೂರಿಗೆ ಕಡಲಿನ ಬಾಗಿಲೊಂದು ಬೇಕೆಂದು, ಬೈಂದೂರಿನಿಂದ ಶಿರೂರು ದಾಟಿದರೆ ಸಿಗುವ ಭಟ್ಕಳದಲ್ಲಿ ಬಂದರು ಕಟ್ಟಿ ಘಟ್ಟದ ಮೇಲಿನಿಂದ ರೈಲು ಇಳಿಸುವ ಯೋಜನೆಯನ್ನು ಅವರು ಮುಂದಿಟ್ಟರು. ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ಈ ತೀರದ ಊರುಗಳ ಚರಿತ್ರೆಯೇ ಬೇರೆಯಾಗುತ್ತಿತ್ತು.

ತೊಂಬತ್ತು ದಾಟಿದ ಮೇಲೂ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ತೀರ್ಮಾನಿಸಲು ಅವರು ನದೀತೀರಕ್ಕೆ ಹೋಗಿ ಪರೀಕ್ಷಿಸಿದರು. 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳನ್ನು ಪೂರೈಸಿ ತೀರಿಕೊಂಡರು.

2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಮಹಾಮಳೆ ಸುರಿದು ಸ್ವರ್ಣಾ ನದಿ ಉಕ್ಕಿತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ತಿಂಗಳು ಕಳೆಯುವುದರೊಳಗೆ ಹೈದರಾಬಾದೂ ನೀರಿನಲ್ಲಿ ನಿಂತಿತು. ಎರಡು ಜಲಾಶಯಗಳು ಈಗಲೂ ಇವೆ. ಆದರೆ ಅವುಗಳ ಕೆಳಗೆ ಬೆಳೆದ ನಗರ ಕೆರೆಗಳನ್ನೂ ಕಾಲುವೆಗಳನ್ನೂ ನುಂಗಿತ್ತು. 1909ರ ಲೆಕ್ಕ ತಪ್ಪಾಗಿರಲಿಲ್ಲ. ಅದನ್ನು ಕಾಲಕಾಲಕ್ಕೆ ಮತ್ತೆ ಮಾಡಬೇಕಾಗಿತ್ತು. ಬ್ರಹ್ಮಾವರವೂ ಬೈಂದೂರೂ ಈಗ ತಾಲೂಕು ಕೇಂದ್ರಗಳಾಗಿ ಬೆಳೆಯುತ್ತಿವೆ, ಕುಂದಾಪುರ ಹಬ್ಬುತ್ತಿದೆ. ಗದ್ದೆಗಳು ನಿವೇಶನಗಳಾಗುವ ಮುನ್ನ ಆ ಗದ್ದೆಗಳು ಹಿಡಿದಿಡುತ್ತಿದ್ದ ನೀರು ಎಲ್ಲಿಗೆ ಹೋಗಬೇಕೆಂದು ಯಾರಾದರೂ ಅಳೆದು ಬರೆದಿಡಬೇಕು. ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ನಾವು ಈ ಕೆಲಸಕ್ಕೂ ಕೈಯಿಟ್ಟರೆ, ಆ ಪೂಜೆಗೆ ಅರ್ಥ ಬಂದೀತು.