ಕಿಟೆಲ್ ಸಿಟ್ಟನ್ನು ಎಲ್ಲಿಟ್ಟರು?

ತೆಲುಗು, ಕನ್ನಡ ಎರಡೂ ಬೆರೆತ ಮಾತಾಡುವ ಹಿಂದೂಪುರ, ಕಲ್ಯಾಣದುರ್ಗದ ನಮ್ಮಂಥವರಿಗೆ ಫರ್ಡಿನೆಂಡ್ ಕಿಟೆಲ್ ಹತ್ತಿರದವರು. ಕನ್ನಡ ಪದದ ಪಕ್ಕದಲ್ಲೇ ಅದರ ತೆಲುಗು, ತಮಿಳು, ಮಲಯಾಳ, ತುಳು ರೂಪಗಳನ್ನೂ ಕೊಟ್ಟವರು ಅವರು. ನಿಘಂಟಿನ ವಿಷಯ ಎಲ್ಲರಿಗೂ ಗೊತ್ತು. ಈ ಸಲ ನಾವು ಅವರ ಸ್ವಭಾವದ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದಲ್ಲಿ, ಪಾದ್ರಿಯ ಮಗನಾಗಿ. ಹೊತ್ತು ಮುಳುಗುವ ಮುನ್ನ ಕೋಪ ಇಳಿಯಬೇಕೆಂಬ ಬೈಬಲಿನ ಬೋಧೆ ಇಂಥ ಮನೆಯ ಮಕ್ಕಳಿಗೆ ಹೊಸದಲ್ಲ. ಮುಂದೆ ಸೇರಿದ ಬಾಸೆಲ್ ಮಿಷನ್ನಿನ ಶಿಸ್ತಂತೂ ಬಲು ಬಿಗಿ: ಪ್ರಾರ್ಥನೆ, ದುಡಿಮೆ, ಹಿರಿಯರ ಮಾತಿಗೆ ತಲೆಬಾಗುವುದು. ಮದುವೆಗೂ ಮಿಷನ್ನಿನ ಅನುಮತಿ ಬೇಕಿತ್ತು.

1853ರಲ್ಲಿ ಧಾರವಾಡ ಸೀಮೆಗೆ ಬಂದ ಯುವಕನಿಗೆ ತನ್ನದೇ ದಾರಿ ಇತ್ತು. ಜನರ ನಡುವೆ ಅವರಂತೆಯೇ ಬಾಳಬೇಕು, ಅವರ ಕಾವ್ಯ, ಸಂಗೀತ ಕಲಿಯಬೇಕು ಎಂಬ ಹಟ. ಕಾಲ್ನಡಿಗೆಯಲ್ಲಿ ಹಳ್ಳಿ ಸುತ್ತಿದರು. ಇದು ಜೊತೆಯ ಮಿಷನರಿಗಳಿಗೆ ಹಿಡಿಸಲಿಲ್ಲ. ಮನಸ್ತಾಪ ಬೆಳೆದು ಅವರು ಒಂಟಿಯಾದರು, ಕೆಲಕಾಲ ನೀಲಗಿರಿಗೂ ಹೋಗಬೇಕಾಯಿತು. ಅವರಿಗೆ ಸಿಟ್ಟೇ ಬರಲಿಲ್ಲವೆಂದರೆ ನಾವು ನಂಬುವುದಿಲ್ಲ. ಅಷ್ಟು ಹಟದ ಮನುಷ್ಯನಿಗೆ ಸಿಟ್ಟು ಕಡಿಮೆ ಇರುತ್ತದೆಯೇ? ಜಗಳವಾಡಿ ಮಿಷನ್ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ.

ಮಾಡಿದ್ದೇನು? 1862ರಲ್ಲಿ 'ಕಥಾಮಾಲೆ' ಎಂದು ಯೇಸುವಿನ ಬದುಕನ್ನು ಕನ್ನಡದ ಷಟ್ಪದಿಯಲ್ಲಿ ಬರೆದರು. ಹೊಡೆದವರನ್ನೂ ಕ್ಷಮಿಸಿದವನ ಕತೆಗೆ, ಕುಮಾರವ್ಯಾಸ ಕುರುಕ್ಷೇತ್ರದ ಕಾದಾಟಕ್ಕೆ ಬಳಸಿದ ಧಾಟಿ! ಅದೇ ದಶಕದಲ್ಲಿ ಮಡದಿ ಪೌಲೀನ್ ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. 1872ರಲ್ಲಿ 'ಶಬ್ದಮಣಿದರ್ಪಣ', 1875ರಲ್ಲಿ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಅಚ್ಚಾದವು.

ಆಮೇಲೆ ನಿಘಂಟು. ಹೆಚ್ಚುಕಡಿಮೆ ಇಪ್ಪತ್ತು ವರ್ಷ. ಒಂದೊಂದು ಪದಕ್ಕೂ ಹಳೆಯ ಕಾವ್ಯ ತಿರುವಬೇಕು, ಊರಿನವರ ಬಾಯಿಂದ ಗಾದೆ ಕೇಳಬೇಕು, ಪಂಡಿತರೊಡನೆ ಕೂತು ಅರ್ಥ ಒರೆಹಚ್ಚಬೇಕು. ಮುಂಗೋಪಿಗಳಿಗೆ ಆಗುವ ಕೆಲಸವಲ್ಲ ಇದು. ಸಿಟ್ಟು, ಮುನಿಸು, ಮುಳಿಸು, ಕನಲು, ಕೆರಳು ಎಂದು ಕೋಪಕ್ಕೆ ನಮ್ಮಲ್ಲಿ ಎಷ್ಟೊಂದು ಪದಗಳಿವೆ. ಅವುಗಳನ್ನೆಲ್ಲ ತಣ್ಣಗೆ ಕೂತು ತೂಗಿ ಬೇರೆ ಬೇರೆ ಇಟ್ಟವರು ಈ ಕಿಟೆಲ್. ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಹೋದರೂ, ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿಯೇ ಮತ್ತೆ ಬಂದರು. ಸುಮಾರು 70,000 ಪದಗಳ ಆ ಗ್ರಂಥವನ್ನು ಮಂಗಳೂರಿನಲ್ಲಿ 1894ರಲ್ಲಿ ಹೊರತಂದದ್ದು ಅದೇ ಬಾಸೆಲ್ ಮಿಷನ್.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ಊರಿನಲ್ಲಿ 1903ರ ಡಿಸೆಂಬರಿನಲ್ಲಿ ಅವರು ಕಣ್ಣು ಮುಚ್ಚಿದರು. ಅವರ ಕನ್ನಡ ವ್ಯಾಕರಣ ಅಚ್ಚಾಗಿ ಬಂದದ್ದೂ ಅದೇ ವರ್ಷ.