ಗಾಜಿನ ಗೀರಿನಿಂದ ಭೂಕಂಪದವರೆಗೆ: ಎಂಜಿನಿಯರ್ ಗ್ರಿಫಿತ್ ಕಥೆ

ಗ್ಲಾಸ್ ಅಂಗಡಿಯಲ್ಲಿ ನೀವೂ ನೋಡಿರ್ತೀರಿ. ಕಟರ್‌ನಿಂದ ಗಾಜಿನ ಮೇಲೆ ಒಂದು ಗೀರು ಎಳೀತಾರೆ, ಆಮೇಲೆ ಮೇಜಿನ ಅಂಚಿಗಿಟ್ಟು ಸ್ವಲ್ಪ ಒತ್ತಿದರೆ ಸಾಕು, ಗೀರಿದ ಕಡೆಯೇ ಟಕ್ ಅಂತ ಎರಡು ಹೋಳು. ಅಷ್ಟು ಸಣ್ಣ ಗೀರು ಅಷ್ಟು ಗಟ್ಟಿ ಗಾಜನ್ನು ಮುರಿಯೋದು ಹೇಗೆ? ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟವರು ಅಲನ್ ಆರ್ನಾಲ್ಡ್ ಗ್ರಿಫಿತ್.

1893ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಗ್ರಿಫಿತ್ 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆ ಸೇರಿದರು. ಲೆಕ್ಕದ ಪ್ರಕಾರ ಮುರಿಯಲೇಬಾರದ ಲೋಹದ ಭಾಗಗಳು ಅದಕ್ಕಿಂತ ಎಷ್ಟೋ ಕಡಿಮೆ ಭಾರಕ್ಕೇ ಮುರೀತಿದ್ದ ಕಾಲ ಅದು. ಯಾಕೆ ಅಂತ ತಿಳಿಯಲು ಅವರು ಗಾಜನ್ನು ಹಿಡಿದರು. ಕಾಯಿಸಿ, ಎಳೆದು, ದಾರಕ್ಕಿಂತ ಸಪೂರ ಎಳೆಗಳನ್ನು ಮಾಡಿ ಒಂದೊಂದನ್ನೇ ಜಗ್ಗಿ ನೋಡಿದರು. ಎಳೆ ಸಪೂರವಾದಷ್ಟೂ ಗಾಜಿನ ಬಲ ಹೆಚ್ಚುತ್ತಾ ಹೋಯಿತು. ತೀರಾ ಸಪೂರದ್ದು ದಪ್ಪ ಎಳೆಯ ಗಾಜಿಗಿಂತ ಸುಮಾರು 20 ಪಟ್ಟು ಗಟ್ಟಿ!

ಕಾರಣ, ಕಣ್ಣಿಗೆ ಕಾಣದ ಬಿರುಕುಗಳು. ದಪ್ಪ ಗಾಜಿನಲ್ಲಿ ದೊಡ್ಡ ಬಿರುಕಿಗೆ ಜಾಗ ಇದೆ, ಸಪೂರದ್ದರಲ್ಲಿ ಇಲ್ಲ. ಬಿರುಕು ಮುಂದೆ ಸರಿಯಬೇಕಾದರೆ ಹೊಸ ಮೈ ಸೀಳಲು ಒಂದಿಷ್ಟು ಶಕ್ತಿ ಖರ್ಚಾಗುತ್ತೆ. ಬಿಗಿಯಾದ ವಸ್ತು ಸಡಿಲವಾಗುವಾಗ ಬಿಟ್ಟುಕೊಡುವ ಶಕ್ತಿ ಆ ಖರ್ಚಿಗಿಂತ ಹೆಚ್ಚಾಯಿತೋ, ಬಿರುಕು ತಾನೇ ಓಡುತ್ತೆ. ನಮ್ಮ ಜಮಾ-ಖರ್ಚಿನ ಹಾಗೇ. ಬಿರುಕು 4 ಪಟ್ಟು ಉದ್ದವಾದರೆ ತಡೆಯುವ ಬಲ ಅರ್ಧಕ್ಕೆ ಇಳಿಯುತ್ತೆ. 1920ರಲ್ಲಿ ಇದನ್ನು ರಾಯಲ್ ಸೊಸೈಟಿ ಮುಂದಿಟ್ಟಾಗ ಅವರಿಗೆ ಇನ್ನೂ 27 ತುಂಬಿರಲಿಲ್ಲ.

ಗ್ರಿಫಿತ್ ಭೂಕಂಪದ ತಜ್ಞರಲ್ಲ. ಆದರೆ 1924ರಲ್ಲಿ, ಎಲ್ಲಾ ಕಡೆಯಿಂದ ಅದುಮಿದ ವಸ್ತು ಹೇಗೆ ಒಡೆಯುತ್ತೆ ಅಂತಲೂ ಬರೆದರು. ನೆಲದಡಿ ಬಂಡೆಗಳ ಸ್ಥಿತಿ ಅದೇ ತಾನೇ? ಬಂಡೆಗಳಲ್ಲಿ ವರ್ಷಾನುಗಟ್ಟಲೆ ಬಿಗಿತ ಕೂಡುತ್ತೆ. ಹಳೇ ಬಿರುಕಿನುದ್ದಕ್ಕೂ ಅವು ದಿಢೀರ್ ಜಾರಿದಾಗ ಕೂಡಿಟ್ಟ ಶಕ್ತಿಯಲ್ಲಿ ಒಂದು ಪಾಲು ಒಡೆಯುವುದಕ್ಕೆ, ಒಂದು ಪಾಲು ಬಿಸಿಗೆ ಹೋಗಿ, ಉಳಿದದ್ದು ಅಲೆಯಾಗಿ ಬಂದು ಮನೆ ಅಲುಗಿಸುತ್ತೆ. ಭೂಕಂಪ ವಿಜ್ಞಾನಿಗಳು ಇಂದಿಗೂ ಹಾಕುವುದು ಇದೇ ಜಮಾ-ಖರ್ಚಿನ ಲೆಕ್ಕ.

ಇಷ್ಟಾದರೂ ಕೆಲಸ ನಿಂತಿತು. ಗಾಜು ಕಾಯಿಸುವ ಗ್ಯಾಸ್ ಉರಿ ಆರಿಸದೆ ಹೋಗಿ ಬೆಂಕಿ ಹತ್ತಿತು, ವಿಚಾರಣೆ ಆಯಿತು, ಬೇರೆ ಕೆಲಸಕ್ಕೆ ಹಾಕಿದರು ಅನ್ನೋ ಕಥೆ ಇದೆ. ಗ್ರಿಫಿತ್ ಎಂಜಿನ್ ಕಡೆ ತಿರುಗಿದರು, ಅಲ್ಲೂ ಹೆಸರು ಮಾಡಿದರು. ಒಂದು ಎಡವಟ್ಟೂ ಆಯಿತು. ಫ್ರಾಂಕ್ ವಿಟಲ್ ಅನ್ನೋ ಯುವಕ ಜೆಟ್ ಎಂಜಿನ್ ಯೋಚನೆ ಹಿಡಿದು ಬಂದಾಗ, ಇದು ಆಗದ ಮಾತು ಅಂತ ಅಭಿಪ್ರಾಯ ಕೊಟ್ಟವರು ಇವರೇ. 1941ರಲ್ಲಿ ವಿಟಲ್ ಎಂಜಿನ್‌ನ ವಿಮಾನ ಹಾರಿತು.

1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಚೂರುಗಳನ್ನು ಜೋಡಿಸಿ ತನಿಖೆ ನಡೆದಿದ್ದು ಅದೇ ಫಾರ್ನ್‌ಬರೋದಲ್ಲಿ. ಸಿಕ್ಕಿದ್ದು ಸಣ್ಣದಾಗಿ ಶುರುವಾಗಿ ಬೆಳೆದ ಬಿರುಕು. ಗ್ರಿಫಿತ್ ಆಗ ರೋಲ್ಸ್ ರಾಯ್ಸ್‌ನಲ್ಲಿದ್ದರು. 1963ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.